ಮೈಕಣ್ಣನ ಬಿಸ್ಕತ್ತು

ನಮ್ಮಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬಂದಿಲ್ಲ. ಕೋರ್ಟಿಗೆ ಕೋರ್ಟೇ ಅವನನ್ನು ಮೈಕಣ್ಣ ಅನ್ನುತ್ತದೆ. ಕೋರ್ಟ್ ಹಾಲಿನ ಬಾಗಿಲಲ್ಲಿ ನಿಂತು, ಒಳಗೆ ಯಾರ ಕೇಸು ಬಂತೋ ಅವರ ಹೆಸರನ್ನು ಹೊರಗಿನವರಿಗೆ ಕೂಗಿ ಹೇಳುವುದು ಅವನ ಕೆಲಸ. ಕಾರಿಡಾರಿನ ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರನ್ನು ಬಿಡಿ, ರಸ್ತೆಯಾಚೆ ಟೀ ಅಂಗಡಿಯಲ್ಲಿ ಕೂತವರೂ ಲೋಟ ಕೆಳಗಿಟ್ಟು ಓಡಿ ಬರುತ್ತಿದ್ದರು. ಮೈಕೇ ಬೇಡದಂಥ ಗಂಟಲು. ಮನೆಯಲ್ಲಿ ಅವನು ಗುಟ್ಟು ಹೇಳಿದರೆ ಮೇಲಿನ ಮನೆಯವರು ಕಿಟಕಿಯಿಂದ ಬಗ್ಗಿ ಸಲಹೆ ಕೊಡುತ್ತಿದ್ದರು.

ಆ ಗಂಟಲಿಗೇ ರೋಗ ಬಂತು. ಡಾಕ್ಟರು ಅಣ್ಣನನ್ನು ಉಳಿಸಿದರು, ಧ್ವನಿಪೆಟ್ಟಿಗೆಯನ್ನು ತೆಗೆದರು. ಈಗ ಅವನ ಕತ್ತಿನ ಬುಡದಲ್ಲಿ ಒಂದು ತೂತು ಇದೆ, ಉಸಿರಾಡುವುದು ಅದರಿಂದಲೇ. ಅದರ ಮೇಲೆ ತೆಳು ಬಟ್ಟೆಯ ತುಂಡೊಂದನ್ನು ಕಟ್ಟಿಕೊಳ್ಳುತ್ತಾನೆ. ಮಾತು ಇಲ್ಲ, ನಗು ಬಂದರೆ ಸದ್ದಿಲ್ಲ, ಸಿಟ್ಟು ಬಂದರೆ ಎರಡು ಕೈ ತಟ್ಟುತ್ತಾನೆ ಅಷ್ಟೇ. ನಾನು ಅವನ ತಂಗಿ. ಅತ್ತು ಮುಗಿಸಿದ ಮೇಲೆ ನನಗೆ ಉಳಿದದ್ದು ಕೋಪ. ನೋಡಲು ಬಂದ ನೆಂಟರೆಲ್ಲ ಅಣ್ಣನ ಕಿವಿಯ ಹತ್ತಿರ ಬಾಯಿಟ್ಟು, "ಹೇಗಿದ್ದೀಯಪ್ಪಾ? ಊಟ ಮಾಡ್ತೀಯಾ?" ಎಂದು ಕಿರುಚುತ್ತಿದ್ದರು. ಗಂಟಲು ಹೋದವನಿಗೆ ಕಿವಿಯೂ ಹೋಗಿದೆ, ಬುದ್ಧಿಯೂ ಹೋಗಿದೆ ಎಂದು ಇವರಿಗೆ ಹೇಳಿದವರು ಯಾರು? ಒಂದಿಬ್ಬರಿಗೆ ನಾನು ಬಾಗಿಲು ತೋರಿಸಿದ್ದೂ ಉಂಟು.

ಆ ಕಾಲದಲ್ಲಿ ಅಣ್ಣ ಮಂಚದ ಮೇಲೆ ಗೋಡೆಗೆ ಮುಖ ಮಾಡಿಕೊಂಡು ಕೂರುತ್ತಿದ್ದ. ಸ್ಲೇಟು ಕೊಟ್ಟೆವು. ಅವನು ಬರೆದು ಮುಗಿಸುವಷ್ಟರಲ್ಲಿ ಎದುರಿದ್ದವರು ಬೇರೆ ವಿಷಯಕ್ಕೆ ಹೋಗಿಬಿಡುತ್ತಿದ್ದರು. ಮೊಬೈಲು ಕೊಟ್ಟೆವು. ಅವನ ಬೆರಳು ಒಂದನ್ನು ಮುಟ್ಟಿದರೆ ಮೂರು ಅಕ್ಷರ ಬೀಳುತ್ತಿದ್ದವು. ಕೊನೆಗೆ ಅಣ್ಣನ ಮಗಳು ದಾರಿ ಕಂಡುಹಿಡಿದಳು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ತಂದೆಯ ಹಟವನ್ನೂ ತಾಯಿಯ ಭಯವನ್ನೂ ಸಮವಾಗಿ ಹೊತ್ತುಕೊಂಡು ಹುಟ್ಟಿದವಳು. "ಲ್ಯಾಪ್‌ಟಾಪ್ ತಗೊಳ್ಳೋಣ. ಅಪ್ಪ ಟೈಪ್ ಮಾಡ್ಲಿ, ಒಂದು ಕೀ ಒತ್ತಿದ್ರೆ ಅದು ಓದಿ ಹೇಳತ್ತೆ" ಎಂದಳು.

ಅಂಗಡಿಯವನು ಎರಡು ತೋರಿಸಿದ. ಒಂದು ದಪ್ಪಗೆ, ಇಟ್ಟಿಗೆಯ ಹಾಗೆ, ಗೋಡೆ ಕಟ್ಟಿದರೂ ಕಟ್ಟಬಹುದು. ಇನ್ನೊಂದು ತೆಳ್ಳಗೆ, ಎರಡು ಬೆರಳಲ್ಲಿ ಎತ್ತಬಹುದಾದಷ್ಟು ಹಗುರ. ಅಣ್ಣ ದಪ್ಪದ್ದನ್ನು ಎತ್ತಿದ. ಆಪರೇಷನ್ ಆದ ಕಡೆಯ ಹೆಗಲು ಹಾಗೇ ಜಗ್ಗಿಹೋಯಿತು. ಆ ಹೆಗಲಲ್ಲಿ ಈಗ ಭಾರ ಹೊರುವ ಶಕ್ತಿ ಇಲ್ಲ. ಸುಮ್ಮನೆ ಅದನ್ನು ಕೆಳಗಿಟ್ಟು ತೆಳ್ಳಗಿನದರ ಮೇಲೆ ಕೈಯಿಟ್ಟ.

"ಮನೇಲಿ ಟೇಬಲ್ ಮೇಲಿಟ್ಟು ಬಳಸೋರಿಗೆ ಇದು ಬಹಳ ಚೆನ್ನಾಗಿದೆ" ಎಂದ ಅಂಗಡಿಯವನು. "ಹೊತ್ಕೊಂಡು ಓಡಾಡೋರಿಗೆ ಅಂದ್ರೆ, ಸ್ವಲ್ಪ ಹುಷಾರಾಗಿರ್ಬೇಕು. ಮುಚ್ಚಳ ತೆಳು. ಒಂದೇ ಮೂಲೆ ಹಿಡಿದು ಎತ್ತಬಾರದು. ಮೇಲೆ ಒತ್ತಡ ಬೀಳಬಾರದು."

"ಹಗುರ ಮಾಡಿರೋದು ಹೊತ್ಕೊಂಡು ಓಡಾಡ್ಲಿ ಅಂತ ತಾನೇನ್ರೀ?" ಎಂದೆ ನಾನು.

ಅವನು ಕನ್ನಡಕ ಸರಿಮಾಡಿಕೊಂಡು ಬಿಲ್ಲು ಬರೆಯಲು ಶುರುಮಾಡಿದ.

ಅತ್ತಿಗೆ ಅದನ್ನು ನೋಡಿದ ಮೊದಲ ದಿನವೇ, "ಇದೇನ್ರೀ, ಬಿಸ್ಕತ್ತಿನ ಥರ ಇದೆ, ಮುಟ್ಟಿದ್ರೆ ಮುರಿಯತ್ತೆ" ಎಂದರು. ಅಲ್ಲಿಂದ ಅದಕ್ಕೆ ಬಿಸ್ಕತ್ತು ಅಂತಲೇ ಹೆಸರಾಯಿತು. ಅದು ಮೊದಲ ಸಲ ಬಾಯಿ ತೆರೆದಾಗ ಹೆಣ್ಣಿನ ಧ್ವನಿಯಲ್ಲಿ ಮಾತಾಡಿತು. ಅತ್ತಿಗೆಯ ಮುಖ ನೋಡಬೇಕಿತ್ತು! "ನನ್ನ ಗಂಡನ ಬಾಯಲ್ಲಿ ಇನ್ಯಾವಳೋ ಮಾತಾಡೋದು ಬೇಡ, ತೆಗಿಯೇ ಅದನ್ನ" ಎಂದು ಮಗಳ ಮೇಲೆ ಹರಿಹಾಯ್ದರು. ಮಗಳು ಗಂಡಿನ ಧ್ವನಿ ಹಾಕಿಕೊಟ್ಟಳು. ಅದೂ ಬಹಳ ಸಭ್ಯಸ್ಥನದು, ವಾರ್ತೆ ಓದುವವರ ಹಾಗೆ. ಅಣ್ಣ ಹಲ್ಲು ಕಚ್ಚಿಕೊಂಡು ಬೈಗುಳ ಟೈಪ್ ಮಾಡಿದರೂ ಅದು ಹವಾಮಾನ ವರದಿಯ ಹಾಗೆ ತಣ್ಣಗೆ ಹೊರಗೆ ಬರುತ್ತಿತ್ತು. ನಕ್ಕು ನಕ್ಕು ನಮಗೆ ಹೊಟ್ಟೆ ಹುಣ್ಣಾಯಿತು. ಅಣ್ಣನೂ ನಕ್ಕ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಕಾಯಿಲೆಯ ರಜೆ ಮುಗಿಸಿ ಕೋರ್ಟಿಗೆ ಹೋದಾಗ, ಅಲ್ಲಿನ ಆಫೀಸು ನೋಡಿಕೊಳ್ಳುವ ಮ್ಯಾನೇಜರು ಅಣ್ಣನನ್ನು ಕೂರಿಸಿ, ನೀರು ಕೊಟ್ಟು, ಹಳೇ ಕಡತಗಳ ಕೋಣೆಗೆ ಹಾಕುತ್ತೇನೆ ಎಂದರು. ಕಟ್ಟಡದ ಹಿಂಬದಿಯಲ್ಲಿ, ಕಿಟಕಿಯಿಲ್ಲದ ಜಾಗ ಅದು. ಮುಗಿದ ಕೇಸುಗಳನ್ನು ದಾರದಲ್ಲಿ ಕಟ್ಟಿ ಕಪಾಟಿಗೆ ಸೇರಿಸುವುದು, ಯಾರಾದರೂ ಕೇಳಿದರೆ ಹುಡುಕಿ ಕೊಡುವುದು. ಯಾರೂ ಕೇಳುವುದಿಲ್ಲ. ಧೂಳು ಬೇರೆ, ಕತ್ತಿನ ತೂತಿನಿಂದ ಉಸಿರಾಡುವವನಿಗೆ.

ಅಣ್ಣ ಬಿಸ್ಕತ್ತನ್ನು ತೆರೆದು ಟೈಪ್ ಮಾಡಿದ. "ನನ್ನ ಜಾಗ ಬಾಗಿಲು. ಇದರಲ್ಲಿ ಕರೀತೀನಿ."

ಮ್ಯಾನೇಜರು ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಜಗಳವಾಡಿ ಕೈತೊಳೆದುಕೊಳ್ಳಬಹುದಿತ್ತು. "ನೋಡಿ ಮೈಕಣ್ಣ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ. ಈ ಮಷೀನ್ ಮೇಲೆ ಅನುಮಾನ. ಇಷ್ಟು ತೆಳ್ಳಗಿರೋದು ಈ ಗಲಾಟೇಲಿ, ಈ ನೂಕುನುಗ್ಗಲಲ್ಲಿ, ದಿನಾ ಬೆಳಗಿಂದ ಸಂಜೇವರೆಗೆ ತಾಳತ್ತಾ? ಕೇಸಿನ ಮಧ್ಯೆ ಅದು ಕೈ ಕೊಟ್ರೆ, ಹೆಸರು ಕೇಳದೆ ಯಾರೋ ಹೊರಗೇ ಉಳಿದ್ರೆ, ಅವರು ಬರಲಿಲ್ಲ ಅಂತ ಕೇಸು ಬಿದ್ದೋಗತ್ತೆ. ಅವರಿಗೆ ನಾನೇನು ಹೇಳ್ಲಿ?"

ಅಣ್ಣ ಕುರ್ಚಿಯಿಂದ ಏಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿನವರೆಗೂ ಅಲ್ಲೇ ಕೂತಿದ್ದನಂತೆ. ಕೊನೆಗೆ ಮ್ಯಾನೇಜರು ಒಳಗೆ ಹೋಗಿ ಜಡ್ಜ್ ಮೇಡಂ ಹತ್ತಿರ ಮಾತಾಡಿ ಬಂದು ಒಂದು ಒಪ್ಪಂದ ಮಾಡಿಕೊಂಡರು. ಇನ್ನೇನು ಕೋರ್ಟಿಗೆ ದೊಡ್ಡ ರಜೆ ಬರುತ್ತದೆ. ರಜೆ ಮುಗಿದು ಬಾಗಿಲು ತೆರೆಯುವ ಮೊದಲ ದಿನ ಬೆಳಿಗ್ಗೆ ಅಣ್ಣ ಬಾಗಿಲಲ್ಲಿ ನಿಂತು ಕರೆಯಲಿ. ಸರಿಹೋದರೆ ಜಾಗ ಅವನದೇ. ಮಷೀನು ಕೈ ಕೊಟ್ಟರೆ ಮಾತಿಲ್ಲದೆ ಕಡತಗಳ ಕೋಣೆ.

ಮನೆಗೆ ಬಂದವನೇ ನನ್ನನ್ನು ಕರೆಸಿದ. "ತಾಳತ್ತಾ ಅಂತ ಕೇಳ್ತಾರೆ. ರಜೆ ಪೂರ್ತಿ ಇದನ್ನ ಕೆಳಗಿಡಲ್ಲ. ತಾಳತ್ತೋ ಇಲ್ವೋ ನೋಡೇ ಬಿಡೋಣ. ನೀನು ಒಂದು ಪಟ್ಟಿ ಹೊಲ್ಕೊಡು" ಎಂದಿತು ಬಿಸ್ಕತ್ತು, ವಾರ್ತೆಯ ಧ್ವನಿಯಲ್ಲಿ.

ನಾನು ಸ್ಕೂಟರು, ಬೈಕುಗಳಿಗೆ ಸೀಟ್ ಕವರು ಹೊಲಿಯುವವಳು. ರೆಕ್ಸಿನ್, ಫೋಮು, ದಪ್ಪ ದಾರ ನನ್ನ ಕೈಗೆ ಹೇಳಿದ ಹಾಗೆ ಕೇಳುತ್ತವೆ. ಸರಿಯಿರುವ ಹೆಗಲಿನಿಂದ ಬೆನ್ನ ಮೇಲೆ ಅಡ್ಡಲಾಗಿ ಬರುವ ಅಗಲ ಪಟ್ಟಿ, ಹೊಟ್ಟೆಯ ಮುಂದೆ ಒಂದು ಟ್ರೇ, ಜಾರದ ಹಾಗೆ ಸುತ್ತ ಅಂಚು, ಗಾಳಿ ಆಡಲು ಅಡಿಯಲ್ಲಿ ಕಿಂಡಿ. ರೈಲಿನಲ್ಲಿ ಕಡಲೆ ಮಾರುವವರು ಕತ್ತಿಗೆ ತಟ್ಟೆ ನೇತುಹಾಕಿಕೊಳ್ಳುತ್ತಾರಲ್ಲ, ಹಾಗೆ. ಬಿಸ್ಕತ್ತಿನ ಸ್ವಂತ ಧ್ವನಿ ಕೋಣೆ ದಾಟುತ್ತಿರಲಿಲ್ಲ. ಅದಕ್ಕೆ ಟೀಚರುಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಪುಟ್ಟ ಸ್ಪೀಕರೊಂದನ್ನು ಮಗಳು ತಂದು ವೈರು ಸಿಕ್ಕಿಸಿದಳು. ಮುಚ್ಚಳ ತೆರೆದ ತಕ್ಷಣ ಮಾತಿನ ಕಿಟಕಿಯೇ ಬರುವ ಹಾಗೆ, ಮಧ್ಯೆ ಪಾಸ್‌ವರ್ಡು ಕೇಳದ ಹಾಗೆ ಮಾಡಿಟ್ಟಳು.

ಆಮೇಲೆ ನಮ್ಮಣ್ಣ ಬೀದಿಗಿಳಿದ. ಬಿಸ್ಕತ್ತು ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋದ, ಕ್ಷೌರದಂಗಡಿಗೆ ಹೋದ, ಬಸ್ಸಿನಲ್ಲಿ ನೇತಾಡಿದ. ತರಕಾರಿಯವಳ ಹತ್ತಿರ ಕೊಸರಾಡಿದ. ಅವಳು ನಗು ತಡೆಯಲಾರದೆ ಪಕ್ಕದಂಗಡಿಯವರನ್ನೆಲ್ಲ ಕರೆದು, "ಇನ್ನೊಂದ್ಸಲ ಬೈಯಣ್ಣಾ, ಇವರೂ ಕೇಳ್ಲಿ" ಎಂದಳು. ಕ್ಷೌರಿಕ ಚಿಮುಕಿಸಿದ ನೀರು ಕೀಗಳ ಮೇಲೆ ಬಿತ್ತು, ಒರೆಸಿದ. ಕೂದಲು ಬಿತ್ತು, ಊದಲು ಬಾಯಿಂದ ಗಾಳಿ ಬರುವುದಿಲ್ಲವಲ್ಲ, ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸಿದ. ಬಸ್ಸಿನಲ್ಲಿ ಒಮ್ಮೆ ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟಿದ್ದಾಗ, ಬ್ರೇಕು ಹಾಕಿದ ರಭಸಕ್ಕೆ ಜಾರಿ ಕೆಳಗೆ ಬಿತ್ತು. ಮೂಲೆ ನಗ್ಗಿತ್ತು, ಮಾತು ಕೆಟ್ಟಿರಲಿಲ್ಲ. ಎತ್ತಿಕೊಂಡ ತಕ್ಷಣ ಅಣ್ಣ ಡ್ರೈವರಿಗೆ ಹೇಳಿಸಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಒಂದು ಸಂಜೆ ಟೀ ಚೆಲ್ಲಿತು, ಪೂರ್ತಿ ಲೋಟ. ಅಣ್ಣ ಅದನ್ನು ಆಫ್ ಮಾಡಿ, ತೆರೆದ ಪುಸ್ತಕದ ಹಾಗೆ ಮಗುಚಿ ಫ್ಯಾನಿನ ಕೆಳಗಿಟ್ಟು ಪಕ್ಕದಲ್ಲೇ ಕೂತ. ಅದು ಒಣಗುವವರೆಗೂ ಮನೆ ಮೂಕವಾಗಿತ್ತು. ಅತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕುತ್ತಿದ್ದರು. ಕೊನೆಗೆ ಅದನ್ನು ಆನ್ ಮಾಡಿದಾಗ ಒಂದು ಕೀ ಮಾತ್ರ ಅಂಟಂಟು, ಒತ್ತಿದರೆ ಏಳಲು ಸೋಮಾರಿತನ. ಉಳಿದದ್ದೆಲ್ಲ ಸರಿ. "ನಿಮ್ಮತ್ತಿಗೆಗೆ ಹೇಳು, ಟೀಗೆ ಅದ್ದಿದರೂ ಬಿಸ್ಕತ್ತು ಕರಗಲಿಲ್ಲ" ಎಂದು ಮೊದಲ ಮಾತು ಹೇಳಿತು. ಹೆಂಡತಿಗೆ ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳಿಸುವುದು ಅವನ ಹಳೇ ಚಾಳಿ, ಗಂಟಲು ಇದ್ದಾಗಿನದು.

ದಿನ ಕಳೆದ ಹಾಗೆ ಕೀಗಳ ಮೇಲಿನ ಅಕ್ಷರಗಳು ಅಳಿಸಿಹೋದವು. ಅಣ್ಣ ಅದನ್ನು ಗಮನಿಸಲೇ ಇಲ್ಲ. ಎದುರಿದ್ದವರ ಮುಖ ನೋಡುತ್ತಲೇ ಟೈಪ್ ಮಾಡುತ್ತಿದ್ದ, ಮೊದಲು ಮಾತಾಡುತ್ತಿದ್ದ ಹಾಗೇ. ಅಷ್ಟು ಮಾತಾಡಿದ್ದ ಆ ರಜೆಯಲ್ಲಿ.

ಮನೆಯಲ್ಲಿ ಮಾತ್ರ ಜಗಳ ನಿಲ್ಲಲಿಲ್ಲ. ಅತ್ತಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಕಾಯುತ್ತಿದ್ದರು. ಅವನು ಸ್ನಾನಕ್ಕೆ ಹೋದರೆ ಟವೆಲಿನಲ್ಲಿ ಸುತ್ತಿಡುವರು. ಬಂದವನು ಬಿಚ್ಚಿ ಕಟ್ಟಿಕೊಳ್ಳುವನು. ಒಂದು ದಿನ ನಾನು ಅವರನ್ನು ಕೇಳಿಯೇ ಬಿಟ್ಟೆ. "ಅತ್ತಿಗೆ, ಒಂದು ಡಬ್ಬಕ್ಕೆ ಇಷ್ಟು ಹೆದರಿಕೆ ಯಾಕೆ?"

"ಡಬ್ಬಕ್ಕೆ ಅಲ್ಲ ಕಣಮ್ಮಾ" ಎಂದರು. "ನೀನು ಅಂಗಡಿಗೆ ಹೋಗ್ತಿದ್ದೆ, ಇವಳು ಲ್ಯಾಬಿಗೆ ಹೋಗ್ತಿದ್ಲು. ಅವರು ಗೋಡೆ ನೋಡ್ತಾ ಕೂತಿದ್ದನ್ನ ಇಡೀ ದಿನ ನೋಡಿದ್ದು ನಾನೊಬ್ಬಳೇ. ಅದು ಮುರಿದ್ರೆ ಮತ್ತೆ ಆ ಮಂಚ, ಆ ಗೋಡೆ. ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ."

ಆದರೂ ನಾನು ಒಪ್ಪಲಿಲ್ಲ. ನನ್ನ ಅಂಗಡಿಗೆ ಬರುವ ಗಿರಾಕಿಗಳದೂ ಇದೇ ಕಥೆ. ಹೊಸ ಸೀಟು ಹಾಕಿಸಿಕೊಂಡು, ಅದರ ಮೇಲಿನ ಪ್ಲಾಸ್ಟಿಕ್ ತೆಗೆಯಬೇಡಿ ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಕೆಳಗೆ ಬೆವರು ನಿಂತು, ನೀರು ನಿಂತು, ನನ್ನ ಚೆಂದದ ರೆಕ್ಸಿನ್ ಬೂಷ್ಟು ಹಿಡಿಯುತ್ತದೆ. ಕೂತವನ ಸೀಟು ನಯವಾಗುತ್ತದೆ, ಕಾಪಾಡಿದವನ ಸೀಟು ಕೊಳೆಯುತ್ತದೆ. ಹೇಳಿ ಹೇಳಿ ಸಾಕಾಗಿದೆ ನನಗೆ, ಯಾರೂ ಸೊಪ್ಪು ಹಾಕುವುದಿಲ್ಲ.

ರಜೆ ಮುಗಿಯಿತು. ಕೋರ್ಟು ತೆರೆಯುವ ಹಿಂದಿನ ದಿನ ಮಗಳು ಮಾರನೆಯ ದಿನದ ಹೆಸರುಗಳ ಪಟ್ಟಿ ತರಿಸಿ, ಎಲ್ಲವನ್ನೂ ಮೊದಲೇ ಟೈಪ್ ಮಾಡಿಟ್ಟಳು. ಅಣ್ಣ ಪರದೆಯ ಮೇಲೆ ಒಂದೊಂದನ್ನೇ ಆರಿಸಿ ಒತ್ತುತ್ತಾ ಹೋದರೆ ಸಾಕು. ಅಭ್ಯಾಸವೂ ಆಯಿತು. ನಾನು ಬೆಳಿಗ್ಗೆ ಬರುತ್ತೇನೆ, ಜೊತೆಗೆ ಹೋಗೋಣ ಎಂದು ಹೇಳಿ ಮನೆಗೆ ಬಂದೆ.

ಬೆಳಿಗ್ಗೆ ನಾನು ಹೋದಾಗ ಬಿಸ್ಕತ್ತು ಊಟದ ಮೇಜಿನ ಮೇಲೆ ತೆರೆದು ಬಿದ್ದಿತ್ತು. ಪರದೆಯ ಮಧ್ಯದಿಂದ ನಾಲ್ಕು ಕಡೆಗೂ ಬಿರುಕು, ಶಾಯಿ ಚೆಲ್ಲಿದ ಹಾಗೆ ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಸಣ್ಣ ಬೆಳಕಿನ ಪಟ್ಟೆ ಉಳಿದಿತ್ತು. ಅತ್ತಿಗೆ ನೆಲದ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದರು.

ಆದದ್ದಿಷ್ಟು. ಅಣ್ಣ ಬೆಳಗಾಗುತ್ತಲೇ ಅದನ್ನು ಕಟ್ಟಿಕೊಂಡು ಟೀ ಅಂಗಡಿಗೆ ಹೋಗಿಬಿಡುತ್ತಾನೆ, ಇವತ್ತೇ ಏನಾದರೂ ಆದರೆ ಗತಿಯೇನು ಎಂದು ಅತ್ತಿಗೆಗೆ ಭಯ. ಅವನು ಮಲಗಿದ ಮೇಲೆ ಬಿಸ್ಕತ್ತನ್ನು ಚೀಲಕ್ಕೆ ಹಾಕಿ, ಅದರ ಮೇಲೆ ಚಾರ್ಜರಿಟ್ಟು ಜಿಪ್ ಎಳೆದು, ಬೀರುವಿನ ತಳದಲ್ಲಿ ಮಲಗಿಸಿದ್ದಾರೆ. ಯಾರ ಕಣ್ಣಿಗೂ ಬೀಳಬಾರದು, ಯಾವ ಏಟೂ ತಗಲಬಾರದು ಎಂದು ಮನೆಯ ಕಂಬಳಿ, ಹಾಸಿಗೆ, ಹೊದಿಕೆಗಳನ್ನೆಲ್ಲ ಅದರ ಮೇಲೆ ಪೇರಿಸಿದ್ದಾರೆ. ಬೀರುವಿನ ಬಾಗಿಲು ಹಾಕಿಕೊಳ್ಳಲಿಲ್ಲ. ಮೊಣಕಾಲು ಕೊಟ್ಟು ಒತ್ತಿದ್ದಾರೆ. ಆ ಒತ್ತಡಕ್ಕೆ ಚಾರ್ಜರಿನ ಗಡ್ಡೆ ತೆಳು ಮುಚ್ಚಳದ ಮೇಲೆ ಕೂತಿದೆ. ಬಸ್ಸಿಗೆ, ಟೀಗೆ, ಮಾರ್ಕೆಟ್ಟಿಗೆ ಜಪ್ಪಯ್ಯ ಅನ್ನದಿದ್ದದ್ದು ಕಾಪಾಡುವ ಕೈಗೆ ಸಿಕ್ಕಿ ಒಡೆದುಹೋಯಿತು.

ಅಣ್ಣ ಒಂದೇ ಸಲ ಕೈ ತಟ್ಟಿದ, ಅಷ್ಟು ಜೋರಾಗಿ ಎಂದೂ ತಟ್ಟಿರಲಿಲ್ಲ. ಹೆಗಲ ಮೇಲಿದ್ದ ಟವೆಲು ಎಸೆದ. ಹೋಗಿ ಮಂಚದ ಮೇಲೆ ಕೂತ. ಗೋಡೆಗೆ ಮುಖ ಮಾಡುತ್ತಾನೇನೋ ಎಂದು ಹೆದರಿದೆ. ಅತ್ತಿಗೆಯ ಅಳುವೂ ನಿಂತಿತು. ಅವರಿಗೂ ಅದೇ ಭಯ.

"ಇದನ್ನ ಟೀವಿಗೆ ಸಿಕ್ಕಿಸಿದ್ರೆ ಕಾಣತ್ತೆ ಅಪ್ಪಾ, ಒಳಗಿನದ್ದೇನೂ ಹಾಳಾಗಿಲ್ಲ" ಎಂದಳು ಮಗಳು, ಮೊಬೈಲಿನಲ್ಲಿ ರಿಪೇರಿಯವನ ಜೊತೆ ಮಾತಾಡಿ ಮುಗಿಸಿ. "ಪರದೆ ಮುಚ್ಚಳ ಎಲ್ಲಾ ಒಂದೇ ತುಂಡಂತೆ, ತರಿಸ್ಬೇಕಂತೆ, ಇವತ್ತು ಆಗಲ್ವಂತೆ. ಮ್ಯಾನೇಜರ್‌ಗೆ ಫೋನ್ ಮಾಡಿ ಇನ್ನೊಂದು ದಿನ ಕೇಳ್ಲಾ?"

ಅಣ್ಣ ಎದ್ದು ಬಂದ. ಮೇಜಿನ ಮುಂದೆ ನಿಂತು, ಕಪ್ಪು ಪರದೆಯನ್ನು ನೋಡದೆ, ಮಗಳನ್ನು ನೋಡುತ್ತಾ ಬೆರಳಾಡಿಸಿ ಕೀ ಒತ್ತಿದ.

"ಟೀವಿ ಹೊತ್ಕೊಂಡು ಹೋಗ್ಲಾ?" ಎಂದಿತು ಬಿಸ್ಕತ್ತು.

ನಾವು ಮೂವರೂ ಬೆಚ್ಚಿಬಿದ್ದೆವು. ಅಣ್ಣನೂ ಒಂದು ಗಳಿಗೆ ತನ್ನ ಬೆರಳುಗಳನ್ನೇ ನೋಡಿಕೊಂಡ. ಆಮೇಲೆ ನೆಲದ ಮೇಲಿದ್ದ ಹೆಂಡತಿಯ ಕಡೆ ತಿರುಗಿ ಮತ್ತೆ ಟೈಪ್ ಮಾಡಿದ. ಈ ಸಲ ನನ್ನ ಮೂಲಕ ಅಲ್ಲ. "ಮೊಣಕಾಲು ನೋಯ್ತಿದೆಯಾ?"

ಅತ್ತಿಗೆ ಅಳುತ್ತಲೇ ನಕ್ಕರು. "ನಿಮಗೆ ತಮಾಷೆ! ಕಾಣದೆ ಹೇಗ್ರೀ ಕರೀತೀರಿ? ಹೋಗ್ಬೇಡಿ. ಅವಮಾನ ಆಗತ್ತೆ."

"ಇನ್ನೊಂದು ದಿನ ಕೇಳಿದರೆ ಅವರು ಹೇಳಿದ್ದೇ ಸರಿ ಅಂತ ಒಪ್ಪಿದ ಹಾಗೆ. ಆ ಹೆಗಲ ಪಟ್ಟಿ ಕೊಡು" ಎಂದು ಟೈಪ್ ಮಾಡಿ ನನಗೆ ಹೇಳಿ, ಅಣ್ಣ ಅದನ್ನು ಹೆಗಲಿಗೆ ಏರಿಸಿದ.

ಆರಿಸಿ ಒತ್ತುವ ವ್ಯವಸ್ಥೆ ಹೋಯಿತು. ಮಗಳು ಹಾಕಿಟ್ಟ ಹೆಸರುಗಳೆಲ್ಲ ಆ ಕಪ್ಪಿನ ಒಳಗೆ ಎಲ್ಲೋ ಇದ್ದವು. ಹೆಸರುಗಳ ಕಾಗದವನ್ನೇ ಟ್ರೇಯ ಅಂಚಿಗೆ ಕ್ಲಿಪ್ ಹಾಕಿ ಸಿಕ್ಕಿಸಿ, ಅದನ್ನು ನೋಡಿ ಒಂದೊಂದನ್ನೂ ಕುರುಡಾಗಿ ಟೈಪ್ ಮಾಡಬೇಕು. ನಾನು ಅಂಗಡಿಯ ಶಟರು ತೆಗೆಯಲೇ ಇಲ್ಲ, ಅವನ ಜೊತೆ ಬಸ್ಸು ಹತ್ತಿದೆ.

ರಜೆಯ ನಂತರದ ಮೊದಲ ದಿನ, ಕಾರಿಡಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಕೀಲರು, ಗುಮಾಸ್ತರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಣ್ಣ ತನ್ನ ಬಾಗಿಲ ಪಕ್ಕಕ್ಕೆ ಹೋಗಿ ನಿಂತ. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಕಾಲು ಅಗಲಿಸಿ, ಹಿಂದೆ ಕೂಗುತ್ತಿದ್ದಾಗಿನ ಹಾಗೆಯೇ. ಮ್ಯಾನೇಜರು ದೂರದಿಂದ ನೋಡಿ ತಲೆಯಾಡಿಸಿ ಒಳಗೆ ಹೋದರು. ಮುಚ್ಚಳ ಅವನ ಕಡೆಗೆ ತೆರೆದಿತ್ತು, ಅದರ ಬೆನ್ನು ಮಾತ್ರ ಜಗತ್ತಿಗೆ. ಕಪ್ಪಾದದ್ದು ಅವರಿಗೆ ಕಾಣಲಿಲ್ಲ.

ಒಳಗಿನಿಂದ ಮೇಡಂ ಧ್ವನಿ ಬಂತು. "ಕರೀರಿ."

ಅಣ್ಣ ಕಾಗದ ನೋಡಿದ, ಬೆರಳಾಡಿಸಿದ, ಒತ್ತಿದ. ಸೊಂಟದ ಸ್ಪೀಕರಿನಿಂದ ಆ ವಾರ್ತೆಯ ಧ್ವನಿ ಕಾರಿಡಾರಿಗೆ ಹೊರಟಿತು. ಅಂಟು ಹಿಡಿದಿದ್ದ ಕೀ ತನ್ನ ಬುದ್ಧಿ ತೋರಿಸಿತ್ತು. ಹೆಸರಿನ ಮಧ್ಯದ ಅಕ್ಷರ ನಾಲ್ಕು ಸಲ ತೊದಲಿತು. ಯಾರೋ ಕಿಸಕ್ಕೆಂದರು. ಆ ಕಡೆಯಿಂದ ಇನ್ನೊಬ್ಬರು. ನಾನು ಆ ಕಡೆ ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ಅಡಗಿತು. ಅಣ್ಣ ಕದಲಲಿಲ್ಲ. ಆ ಕೀಯನ್ನು ಉಗುರಿನಿಂದ ಮೀಟಿ ಎಬ್ಬಿಸಿ, ಮೊದಲಿಂದ ಟೈಪ್ ಮಾಡಿ, ಮತ್ತೆ ಒತ್ತಿದ. ಈ ಸಲ ಹೆಸರು ಸ್ಪಷ್ಟವಾಗಿ ಬಂತು. ಬೆಂಚಿನಿಂದ ಒಬ್ಬಳು ಮುದುಕಿ ಎದ್ದು, "ನಾನೇ, ನಾನೇ, ಬಂದೆ" ಎನ್ನುತ್ತಾ ಒಳಗೆ ಹೋದಳು. ಅವಳಿಗೆ ಧ್ವನಿ ಯಾರದಾದರೇನು, ಕರೆದದ್ದು ಅವಳನ್ನು.

ಎರಡನೆಯದು ಸರಿಯಾಗಿ ಬಂತು. ಮುಂದಿನದೂ ಬಂತು. ನೂಕಾಟದಲ್ಲಿ ಯಾರದೋ ಮೊಣಕೈ ಟ್ರೇಗೆ ತಗುಲಿ ಬಿಸ್ಕತ್ತು ಅಲ್ಲಾಡಿತು, ಅಣ್ಣ ಅಂಗೈಯಲ್ಲಿ ಒತ್ತಿ ಹಿಡಿದು ಮುಂದುವರಿಸಿದ. ಕಾರಿಡಾರು ಮೆಲ್ಲನೆ ಆ ಧ್ವನಿಗೆ ಒಗ್ಗಿತು. ಸ್ಪೀಕರು ಗರ್‌ ಎಂದರೆ ಸಾಕು, ಜನ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಹಿಂದೆ ಅಣ್ಣ ಗಂಟಲು ಸರಿಮಾಡಿಕೊಂಡಾಗಲೂ ಹೀಗೇ ಸುಮ್ಮನಾಗುತ್ತಿದ್ದರು. ನಾನು ಗೋಡೆಗೊರಗಿ ನಿಂತು ಕಣ್ಣೊರೆಸಿಕೊಂಡೆ. ಹೆಮ್ಮೆಯಾಯಿತು, ಅದನ್ನು ಬೇರೆ ಹೇಗೆ ಹೇಳಲಿ?

ಆಗ ಮ್ಯಾನೇಜರು ಬಂದರು. ಮುಖದಲ್ಲಿ ಸಮಾಧಾನವಿತ್ತು, ಬೆನ್ನು ತಟ್ಟಲೆಂದೇ ಬಂದಿರಬೇಕು. ಹಿಂದಿನಿಂದ ಬಂದು ಅಣ್ಣನ ಹೆಗಲ ಮೇಲಿನಿಂದ ಬಗ್ಗಿದರು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಇದೇನ್ರೀ ಇದು? ಪೂರ್ತಿ ಒಡೆದೋಗಿದೆ!" ಅವರು ಟ್ರೇಯಿಂದ ಹೆಸರುಗಳ ಕಾಗದವನ್ನು ಕಿತ್ತು ತೆಗೆದುಕೊಂಡರು. "ಏನೂ ಕಾಣ್ತಿಲ್ಲ. ಇಷ್ಟೊತ್ತೂ ಹೀಗೇ ಕರೀತಿದ್ರಾ?"

ಅಣ್ಣ ಹೌದೆಂದು ಗೋಣು ಆಡಿಸಿದ.

"ಸರ್, ಅದು ಒಡೆದಿದ್ದು ಬಳಸಿ ಅಲ್ಲ..." ಎಂದು ನಾನು ಬಾಯಿ ಹಾಕಿದೆ. ಅಣ್ಣ ನನ್ನ ಕಡೆ ಕೈ ಎತ್ತಿದ, ಬೇಡ ಎಂದು. ಬೀರು, ಕಂಬಳಿ, ಮೊಣಕಾಲು ಯಾವುದೂ ಆ ಕಾರಿಡಾರಿಗೆ ಬರುವುದು ಅವನಿಗೆ ಬೇಕಿರಲಿಲ್ಲ. ಹೆಂಡತಿಯ ಹೆಸರು ಅಲ್ಲಿ ಬರಬಾರದು.

ಮ್ಯಾನೇಜರಿಗೆ ಸಿಟ್ಟು ಬಂದಿರಲಿಲ್ಲ, ಸಂಕಟವಾಗಿತ್ತು. "ಮೈಕಣ್ಣ, ಮೊದಲನೇ ದಿನಾನೇ ಹೀಗೆ. ಸರಿ, ಇವತ್ತು ನಡೀತು ಅಂದ್ಕೊಳ್ಳಿ. ನಾಳೆ? ಮುಂದಿನ ತಿಂಗಳು? ಇದು ಎಷ್ಟು ದಿನ ತಾಳತ್ತೆ? ನೀವೇ ಹೇಳಿ, ನಾನು ಯಾವ ಧೈರ್ಯದ ಮೇಲೆ ಈ ಬಾಗಿಲನ್ನ ನಿಮಗೆ ಬಿಡ್ಲಿ?"

ಒಳಗಿನಿಂದ ಮೇಡಂ, "ಮುಂದಿನದು?" ಎಂದದ್ದು ಕೇಳಿಸಿತು. ಅಣ್ಣ ಪರದೆ ನೋಡಲಿಲ್ಲ, ಕೀಗಳನ್ನೂ ನೋಡಲಿಲ್ಲ. ಮ್ಯಾನೇಜರ ಕಣ್ಣನ್ನೇ ನೋಡುತ್ತಾ ಬೆರಳಾಡಿಸಿದ. ಬಹಳ ಹೊತ್ತು ಟೈಪ್ ಮಾಡಿದ ಹಾಗನಿಸಿತು ನನಗೆ. ಆಮೇಲೆ ಒತ್ತಿದ. ಸ್ಪೀಕರಿನ ಸದ್ದು ಕಮ್ಮಿ ಮಾಡಲೂ ಇಲ್ಲ. ಇಡೀ ಕಾರಿಡಾರಿಗೆ ಕೇಳಿಸಿತು.

"ಇದು ಎಷ್ಟು ದಿನ ತಾಳತ್ತೋ ಗೊತ್ತಿಲ್ಲ ಸರ್. ನಾನೆಷ್ಟು ದಿನ ತಾಳ್ತೀನಿ ಅಂತ ಡಾಕ್ಟ್ರೂ ಹೇಳಿಲ್ಲ. ಇವತ್ತು ಇಬ್ಬರೂ ಕೆಲಸಕ್ಕೆ ಬಂದಿದ್ದೀವಿ. ಮುಂದಿನ ಹೆಸರು ಕೊಡಿ."

ಮ್ಯಾನೇಜರು ಕೈಯಲ್ಲಿದ್ದ ಕಾಗದವನ್ನು ನೋಡಿದರು. ಅದನ್ನು ಟ್ರೇಯ ಮೇಲೆ ಇಟ್ಟು, ಕ್ಲಿಪ್ಪು ಹಾಕಿ, ಮುಂದಿನ ಹೆಸರಿನ ಕೆಳಗೆ ಬೆರಳಿಟ್ಟರು. ಅಣ್ಣ ಕರೆದ. ಕಾರಿಡಾರಿನ ಆ ತುದಿಯಲ್ಲಿ ಯಾರೋ ಎದ್ದು ನಿಂತರು.